ಒಬ್ಬನೇ ಹೋಗಿ ಬರುತ್ತಾನಾ?

ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಅಂಗವಿಕಲ ಪ್ರಮಾಣಪತ್ರ ಮಾಡಿಸಲು ಹೋದವರಿಗೆಲ್ಲ ಒಂದು ಪ್ರಶ್ನಾವಳಿ ಎದುರಾಗುತ್ತದೆ. ಮೈಸೂರಾದರೂ ಅಷ್ಟೆ, ನಾಸಿಕ್ ಆದರೂ ಅಷ್ಟೆ, ಛತ್ರಪತಿ ಸಂಭಾಜಿನಗರವಾದರೂ ಅಷ್ಟೆ. ಮಗು ಎದುರಿಗೇ ಕೂತಿರುತ್ತದೆ, ಆದರೆ ಪ್ರಶ್ನೆಗಳು ತಾಯಿಗೆ. ತಾನೇ ಊಟ ಮಾಡುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ತಾನೇ ಸ್ನಾನ ಮಾಡುತ್ತಾನಾ? ಇವುಗಳ ನಡುವೆ ಓಡಾಟದ ಕೆಲವು ಪ್ರಶ್ನೆಗಳು ಬರುತ್ತವೆ. ಅಕ್ಕಪಕ್ಕದಲ್ಲಿ ಒಬ್ಬನೇ ಸುತ್ತಾಡಿ ಬರುತ್ತಾನಾ? ಶಾಲೆಗೆ ಒಬ್ಬನೇ ಹೋಗುತ್ತಾನಾ? ಊರಲ್ಲೆಲ್ಲ ತಾನೇ ತಿರುಗಾಡಬಲ್ಲನಾ?

ಸಾಮಾನ್ಯವಾಗಿ ಉತ್ತರ ಒಂದೇ ಶಬ್ದದ್ದು: ಇಲ್ಲ. ಪೆನ್ನು ಮುಂದಿನ ಸಾಲಿಗೆ ಹೋಗುತ್ತದೆ.

ಈ 'ಇಲ್ಲ'ದ ಹಿಂದೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಡೌನ್ ಸಿಂಡ್ರೋಮ್, ವಿಲಿಯಮ್ಸ್ ಸಿಂಡ್ರೋಮ್, ಫ್ರಜೈಲ್ ಎಕ್ಸ್‌ನಂಥ ಸ್ಥಿತಿಗಳಲ್ಲಿ ಜೀನ್ ಅಥವಾ ವರ್ಣತಂತುವಿನ ಒಂದು ವ್ಯತ್ಯಾಸದಿಂದ ಮಿದುಳಿನ ಬೆಳವಣಿಗೆಯೇ ಬೇರೆ ದಾರಿ ಹಿಡಿಯುತ್ತದೆ. ಇಂಥವರು ತಮ್ಮ ಸುತ್ತಲಿನ ಜಾಗವನ್ನು ಹೇಗೆ ಅರಿಯುತ್ತಾರೆ, ಹೊಸ ಜಾಗವನ್ನು ಹೇಗೆ ಶೋಧಿಸುತ್ತಾರೆ, ದಾರಿಯನ್ನು ಹೇಗೆ ಕಲಿಯುತ್ತಾರೆ? ಈ ಪ್ರಶ್ನೆಯನ್ನು ಬಹುಕಾಲ ಮೇಜಿನ ಮೇಲಿಟ್ಟೇ ಅಳೆದರು. ಬೀದಿಗೆ ಕರೆದುಕೊಂಡು ಹೋಗಿ ಅಳೆದದ್ದು ತೀರ ಈಚೆಗೆ. ಆಗ ಸಿಕ್ಕ ಉತ್ತರ ಮೇಜಿನ ಮೇಲೆ ಸಿಕ್ಕದ್ದಕ್ಕಿಂತ ಬೇರೆಯಾಗಿತ್ತು. ಆ ಕಥೆ ಪ್ಯಾರಿಸಿನಿಂದ ಹೊರಟು ಮೈಸೂರಿನ ಮೇಲೆ ಹಾದು ಬರುವುದರಿಂದ ನಮಗೆ ಹತ್ತಿರದ್ದೂ ಹೌದು.

ಕಲಿಸುವ ಹಲಗೆ, ಅಳೆಯುವ ಹಲಗೆ

ಎಡ್ವರ್ಡ್ ಸೆಗ್ಯಾಂ ಫ್ರಾನ್ಸಿನವನು. ಅವೆರಾನ್ ಕಾಡಿನಲ್ಲಿ ಸಿಕ್ಕಿದ ಹುಡುಗ ವಿಕ್ಟರ್‌ಗೆ ಪಾಠ ಹೇಳಿದ ವೈದ್ಯ ಇಟಾರ್‌ನ ಶಿಷ್ಯ. ಕಲಿಯಲಾರರು ಎಂದು ಸಮಾಜ ಕೈಬಿಟ್ಟಿದ್ದ ಮಕ್ಕಳಿಗೆ 1840ರ ಸುಮಾರಿಗೆ ಪ್ಯಾರಿಸಿನಲ್ಲಿ ಪಾಠ ಶುರುಮಾಡಿದ. ಅವನ ನಂಬಿಕೆ ಸರಳವಾಗಿತ್ತು: ಮೊದಲು ಕೈಕಾಲು, ಕಣ್ಣು, ಸ್ಪರ್ಶ ಎಚ್ಚರಗೊಳ್ಳಬೇಕು, ಅಕ್ಷರ ಆಮೇಲೆ. ಏಣಿ ಹತ್ತಿಸುವುದು, ಉಯ್ಯಾಲೆ, ನಡಿಗೆ, ಜೊತೆಗೆ ಮರದ ಆಕಾರಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುವ ಹಲಗೆ, ಇವು ಅವನ ಉಪಕರಣಗಳು. ಫ್ರಾನ್ಸಿನ 1848ರ ಕ್ರಾಂತಿಯ ನಂತರ ಅಮೆರಿಕಕ್ಕೆ ಹೋದ. 1866ರಲ್ಲಿ ತನ್ನ ವಿಧಾನವನ್ನು ವಿವರಿಸುವ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಮುಂದೆ ಮಾರಿಯಾ ಮಾಂಟೆಸ್ಸರಿ ಈತನಿಂದ ಬಹಳಷ್ಟನ್ನು ಎತ್ತಿಕೊಂಡಳು. ಇವತ್ತು ನಮ್ಮ ಬಡಾವಣೆಯ ಶಿಶುವಿಹಾರಗಳಲ್ಲಿ ಮಕ್ಕಳು ಕೂರಿಸಿ ತೆಗೆಯುವ ತ್ರಿಕೋನ, ವೃತ್ತಗಳ ಮೂಲ ಅಲ್ಲಿದೆ.

ಅದೇ 1866ರಲ್ಲಿ ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಯಧಾಮದ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ತನ್ನ ಲೇಖನ ಪ್ರಕಟಿಸಿದ. ತಾನು ನೋಡಿಕೊಳ್ಳುತ್ತಿದ್ದವರಲ್ಲಿ ಒಂದು ಗುಂಪಿನ ಮುಖಲಕ್ಷಣ ಒಂದೇ ತೆರನಾಗಿರುವುದನ್ನು ಗುರುತಿಸಿದ್ದು ಸೂಕ್ಷ್ಮ ಗಮನದ ಕೆಲಸ. ಆದರೆ ಅದಕ್ಕೆ ಜನಾಂಗದ ಹೆಸರಿಟ್ಟ. ಆ ಹೆಸರು ನೂರು ವರ್ಷ ಅಂಟಿಕೊಂಡಿತು. 1959ರಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ, ರೇಮಂ ತುರ್ಪ್ಯಾಂ ಇದಕ್ಕೆ ಕಾರಣ 21ನೆಯ ವರ್ಣತಂತುವಿನ ಒಂದು ಹೆಚ್ಚುವರಿ ಪ್ರತಿ ಎಂದು ತೋರಿಸಿದರು. 1965ರಲ್ಲಿ ಮಂಗೋಲಿಯಾದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಹೆಸರನ್ನು ಕೈಬಿಟ್ಟಿತು.

ಒಂದೇ ವರ್ಷದ ಆ ಎರಡು ಬರಹಗಳಲ್ಲಿ ಒಂದು, ಈ ಮಗುವಿಗೆ ಏನು ಕಲಿಸಬಹುದು ಎಂದು ಕೇಳಿತು. ಇನ್ನೊಂದು, ಈ ಮಗು ಯಾವ ಗುಂಪಿಗೆ ಸೇರಿದ್ದು ಎಂದು ಕೇಳಿತು. ಮುಂದಿನ ಅರ್ಧ ಶತಮಾನದಲ್ಲಿ ಗೆದ್ದದ್ದು ಎರಡನೆಯ ಪ್ರಶ್ನೆ. ಸೆಗ್ಯಾಂನ ಹಲಗೆಗೆ ಏನಾಯಿತು ಎಂಬುದರಲ್ಲೇ ಅದು ಕಾಣುತ್ತದೆ.

ವೈನ್‌ಲ್ಯಾಂಡಿನ ಮೂವರು

ಅಮೆರಿಕದ ನ್ಯೂಜೆರ್ಸಿಯಲ್ಲಿ ವೈನ್‌ಲ್ಯಾಂಡ್ ಎಂಬ ಊರಿದೆ. ಅಲ್ಲಿನ ತರಬೇತಿ ಶಾಲೆಯ ಸಂಶೋಧನಾಲಯಕ್ಕೆ 1906ರಲ್ಲಿ ಹೆನ್ರಿ ಗೊಡಾರ್ಡ್ ನಿರ್ದೇಶಕನಾಗಿ ಬಂದ. ಬಿನೆಯ ಬುದ್ಧಿಪರೀಕ್ಷೆಯನ್ನು ಅಮೆರಿಕಕ್ಕೆ ತಂದವನು ಈತ. ಬುದ್ಧಿಮಾಂದ್ಯ ವಂಶವಾಹಿಯಾಗಿ ಬರುವ ಕಳಂಕ ಎಂದು 1912ರಲ್ಲಿ ಪುಸ್ತಕ ಬರೆದು, ಇಂಥವರನ್ನು ಸಮಾಜದಿಂದ ಬೇರ್ಪಡಿಸಿಡಬೇಕೆಂಬ ವಾದಕ್ಕೆ ಬಲ ಕೊಟ್ಟವನೂ ಈತನೇ. ಅವನ ಕೈಯಲ್ಲಿ ಸೆಗ್ಯಾಂನ ಹಲಗೆ ಅಳತೆಗೋಲಾಯಿತು. ಹತ್ತು ಆಕಾರಗಳು, ಹತ್ತು ಕುಳಿಗಳು, ಕೈಯಲ್ಲೊಂದು ಗಡಿಯಾರ. ಮಗು ಎಷ್ಟು ಸೆಕೆಂಡಿನಲ್ಲಿ ಮುಗಿಸಿತು ಎಂಬುದರಿಂದ ಅದರ ಮಾನಸಿಕ ವಯಸ್ಸು ತೀರ್ಮಾನವಾಗತೊಡಗಿತು. ಕಲಿಸಲು ಮಾಡಿದ ವಸ್ತು ವಿಂಗಡಿಸಲು ಬಳಕೆಯಾಯಿತು.

ಗೊಡಾರ್ಡ್ ಹೋದ ಮೇಲೆ ಆ ಸ್ಥಾನಕ್ಕೆ ಬಂದವನು ಆಸ್ಟ್ರೇಲಿಯಾದ ಸ್ಟ್ಯಾನ್ಲಿ ಪೋರ್ಟಿಯಸ್. ಮೆಲ್ಬರ್ನಿನ ವಿಶೇಷ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ, 1914ರ ಸುಮಾರಿಗೆ, ಅವನು ಕಾಗದದ ಮೇಲೆ ಚಕ್ರವ್ಯೂಹದಂಥ ದಾರಿಗಳನ್ನು ಬರೆದಿದ್ದ. ಮಗು ಪೆನ್ಸಿಲು ಹಿಡಿದು ಮುಚ್ಚಿದ ಓಣಿಗೆ ಹೋಗದೆ ಹೊರಬರಬೇಕು. ಬಾಯಿಮಾತಿನ ಪರೀಕ್ಷೆಗೆ ಸಿಗದ ಒಂದು ಗುಣ, ಅಂದರೆ ಮುಂದೇನು ಎಂದು ನೋಡಿ ಹೆಜ್ಜೆ ಇಡುವ ಗುಣ, ಇದರಲ್ಲಿ ಕಾಣುತ್ತದೆ ಎಂಬುದು ಅವನ ವಾದ. ಇದೇ ಹೊತ್ತಿಗೆ, 1916ರಲ್ಲಿ, ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಬಿನೆ ಪರೀಕ್ಷೆಯನ್ನು ಪರಿಷ್ಕರಿಸುವಾಗ ಒಂದು ಪ್ರಶ್ನೆ ಸೇರಿಸಿದ: ಈ ದುಂಡನೆಯ ಬಯಲಿನಲ್ಲಿ ನಿನ್ನ ಚೆಂಡು ಕಳೆದಿದೆ, ಎಲ್ಲಿದೆ ಗೊತ್ತಿಲ್ಲ, ನೀನು ಹೇಗೆ ಹುಡುಕುತ್ತೀ, ಗೆರೆ ಎಳೆದು ತೋರಿಸು. ನಿಜವಾದ ಬಯಲಿಗೆ ಮಗುವನ್ನು ಕರೆದೊಯ್ಯದೆ ಅದರ ಶೋಧನೆಯನ್ನು ಅಳೆಯುವ ಯತ್ನ ಇದು. ಜಾಗವನ್ನು ಅರಿಯುವ ಶಕ್ತಿ ಹೀಗೆ ಪೆನ್ಸಿಲಿನ ತುದಿಗೆ ಬಂದು ನಿಂತಿತು.

ವೈನ್‌ಲ್ಯಾಂಡಿನ ಮೂರನೆಯವನು ಎಡ್ಗರ್ ಡಾಲ್. 1935ರಲ್ಲಿ ಆತ ಸಾಮಾಜಿಕ ಪ್ರೌಢತೆಯ ಮಾಪನ ಪ್ರಕಟಿಸಿದ. ಬುದ್ಧಿ ಎಷ್ಟಿದೆ ಎನ್ನುವುದಕ್ಕಿಂತ ಈ ವ್ಯಕ್ತಿ ದಿನನಿತ್ಯ ಏನು ಮಾಡಿಕೊಂಡಿದ್ದಾನೆ ಎಂದು ಕೇಳೋಣ ಎಂಬುದು ಅವನ ಯೋಚನೆ. 117 ಅಂಶಗಳು, ಎಂಟು ವಿಭಾಗ. ಅದರಲ್ಲೊಂದು ವಿಭಾಗ ಓಡಾಟ. ಹಲಗೆಯಿಲ್ಲ, ಪೆನ್ಸಿಲಿಲ್ಲ, ಮಗುವನ್ನು ಬಲ್ಲವರ ಜೊತೆ ಮಾತುಕತೆ ಅಷ್ಟೆ. ಆಸ್ಪತ್ರೆಯಲ್ಲಿ ನಮ್ಮ ತಾಯಂದಿರನ್ನು ಕೇಳುವ ಪ್ರಶ್ನೆಗಳು ಹುಟ್ಟಿದ್ದು ಇಲ್ಲಿ.

ಡಾಲ್ ಇನ್ನೊಂದು ಕೆಲಸ ಮಾಡಿದ್ದ. ಅಂಕ ಹಾಕುವ ಪದ್ಧತಿಯಲ್ಲಿ ಹೌದು, ಇಲ್ಲ ಎರಡೇ ಇರಲಿಲ್ಲ. 'ಅವಕಾಶವಿಲ್ಲ' ಎನ್ನುವುದಕ್ಕೆ ಪ್ರತ್ಯೇಕ ಗುರುತಿತ್ತು. ಮಾಡಬಲ್ಲ, ಆದರೆ ಯಾವುದೋ ನಿರ್ಬಂಧದಿಂದ ಮಾಡಲು ಬಿಟ್ಟಿಲ್ಲ ಎಂಬ ಸಂದರ್ಭಕ್ಕೆ ಅದು. ಈ ಗುರುತನ್ನು ನೆನಪಿಟ್ಟುಕೊಳ್ಳಿ.

ನಾಗಪುರ, ಮೈಸೂರು

ಈ ಉಪಕರಣಗಳು ಭಾರತಕ್ಕೆ ಬಂದ ದಾರಿಯಲ್ಲಿ ಕನ್ನಡ ಮತ್ತು ಮರಾಠಿ ಜೊತೆಜೊತೆಗೆ ಸಿಗುತ್ತವೆ. ವಿ. ವಿ. ಕಾಮತ್ ಅವರು ಸ್ಟ್ಯಾನ್‌ಫರ್ಡ್ ಪರಿಷ್ಕರಣೆಯನ್ನು ಆಧರಿಸಿ, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಬಿನೆ ಪರೀಕ್ಷೆಯನ್ನು ಹೊಂದಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆ-ಕಾಮತ್ ಎಂಬ ಹೆಸರು ಭಾರತದ ಆಸ್ಪತ್ರೆಗಳಲ್ಲಿ ಈಗಲೂ ಕೇಳಿಬರುತ್ತದೆ. ಕನ್ನಡದ ಮಗು, ಮರಾಠಿಯ ಮಗು ಒಂದೇ ಅಳತೆಗೆ ಒಟ್ಟಿಗೆ ನಿಂತದ್ದು ಅಲ್ಲಿ.

ಆಮೇಲೆ ನಾಗಪುರದಲ್ಲಿ ಎ. ಜೆ. ಮಾಲಿನ್ ಎರಡು ಮುಖ್ಯ ಕೆಲಸ ಮಾಡಿದರು. ವೆಕ್ಸ್ಲರ್‌ನ ಮಕ್ಕಳ ಪರೀಕ್ಷೆಯನ್ನು 1960ರ ದಶಕದಲ್ಲಿ ಭಾರತೀಯ ಮಕ್ಕಳಿಗೆ ಹೊಂದಿಸಿದರು. ಅದರ ಕೈಕೆಲಸದ ಭಾಗದಲ್ಲಿ ಬಣ್ಣದ ಘನಗಳ ಜೋಡಣೆಯೂ ಇದೆ, ಪೋರ್ಟಿಯಸ್ ದಾರಿ ತೋರಿಸಿದ್ದ ಮೇಜ್ ಪರೀಕ್ಷೆಯೂ ಇದೆ. ಡಾಲ್‌ನ ವೈನ್‌ಲ್ಯಾಂಡ್ ಮಾಪನವನ್ನೂ ಮಾಲಿನ್ 89 ಅಂಶಗಳಿಗೆ ಇಳಿಸಿ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಒಗ್ಗಿಸಿದರು.

ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಅಲ್ಲಿನ ಮನಶ್ಶಾಸ್ತ್ರಜ್ಞ ಜೆ. ಭರತ್ ರಾಜ್ ಅವರು ಸೆಗ್ಯಾಂ ಹಲಗೆಗೆ ಭಾರತೀಯ ಮಕ್ಕಳ ಮಾನದಂಡಗಳನ್ನು ಸಿದ್ಧಪಡಿಸಿ 1971ರಲ್ಲಿ ಪ್ರಕಟಿಸಿದರು. ಯಾವ ವಯಸ್ಸಿನ ಮಗು ಎಷ್ಟು ಸೆಕೆಂಡಿನಲ್ಲಿ ಹತ್ತು ಆಕಾರಗಳನ್ನು ಕೂರಿಸುತ್ತದೆ ಎಂಬ ಪಟ್ಟಿ ಅದು. ಪ್ಯಾರಿಸಿನಲ್ಲಿ ಕಲಿಕೆಯ ಆಟಿಕೆಯಾಗಿ ಹುಟ್ಟಿ, ವೈನ್‌ಲ್ಯಾಂಡಿನಲ್ಲಿ ಅಳತೆಗೋಲಾದ ಹಲಗೆ ಮೈಸೂರಿನಲ್ಲಿ ನಮ್ಮದಾಯಿತು. ಇದು ಸಣ್ಣ ಸಾಧನೆಯಲ್ಲ. ವಿದೇಶದ ಮಕ್ಕಳ ಪಟ್ಟಿಯಿಟ್ಟು ನಮ್ಮ ಮಕ್ಕಳನ್ನು ಅಳೆಯುವ ಅನ್ಯಾಯ ಅದರಿಂದ ತಪ್ಪಿತು. ಭಾಷೆ ಬೇಕಿಲ್ಲದ ಪರೀಕ್ಷೆಯಾದ್ದರಿಂದ ಮಾತು ಬಾರದ ಮಗುವನ್ನೂ, ಬೇರೆ ಭಾಷೆಯ ಮಗುವನ್ನೂ ನೋಡುವುದು ಸಾಧ್ಯವಾಯಿತು.

ಆದರೆ ಹಲಗೆ ಹಲಗೆಯೇ. ಆಕಾರವನ್ನು ಕುಳಿಯಲ್ಲಿ ಬೇಗ ಕೂರಿಸಬಲ್ಲ ಮಗುವಿಗೆ ಕಿರಾಣಿ ಅಂಗಡಿಗೆ ಹೋಗಿ ಬರಲು ಬರುತ್ತದೆಯೇ? ನಿಧಾನವಾಗಿ ಕೂರಿಸುವ ಮಗುವಿಗೆ ಬರುವುದಿಲ್ಲವೇ?

ಇಲಿ ಮತ್ತು ನಕ್ಷೆ

ಇದಕ್ಕೆ ಉತ್ತರ ಹುಡುಕುವ ದಾರಿ ಇಲಿಗಳ ಕಡೆಯಿಂದ ತೆರೆಯಿತು. ಇಲಿ ಬರೀ ಎಡ-ಬಲ ತಿರುವುಗಳನ್ನು ಬಾಯಿಪಾಠ ಮಾಡುವುದಿಲ್ಲ, ತಲೆಯೊಳಗೆ ಜಾಗದ ನಕ್ಷೆಯೊಂದನ್ನು ಕಟ್ಟಿಕೊಳ್ಳುತ್ತದೆ ಎಂದು ಎಡ್ವರ್ಡ್ ಟೋಲ್ಮನ್ 1948ರಲ್ಲಿ ವಾದಿಸಿದ. 1971ರಲ್ಲಿ ಜಾನ್ ಓಕೀಫ್, ಇಲಿ ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಮಾತ್ರ ಚುರುಕಾಗುವ ನರಕೋಶಗಳನ್ನು ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ವರದಿ ಮಾಡಿದ. 1978ರಲ್ಲಿ ಆತ ಮತ್ತು ಲಿನ್ ನೇಡೆಲ್ ಸೇರಿ ಬರೆದ ಪುಸ್ತಕ ಈ ಕ್ಷೇತ್ರದ ಆಧಾರಗ್ರಂಥವಾಯಿತು. ಓಕೀಫ್‌ಗೆ 2014ರಲ್ಲಿ ಮೋಸರ್ ದಂಪತಿಯ ಜೊತೆ ನೊಬೆಲ್ ಬಂತು.

ನೇಡೆಲ್ ಇನ್ನೊಂದು ದಾರಿ ಹಿಡಿದ. ಡೌನ್ ಸಿಂಡ್ರೋಮ್ ಇರುವವರ ಮಿದುಳಿನ ಕಡೆ ತಿರುಗಿದ. 2003ರಲ್ಲಿ ಪೆನ್ನಿಂಗ್ಟನ್, ನೇಡೆಲ್ ಮತ್ತಿತರರು ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಪರದೆಯ ಕೋಣೆಯೊಂದರಲ್ಲಿ ಅಡಗಿದ ಗುರಿಯನ್ನು ಸುತ್ತಲಿನ ಗುರುತುಗಳ ಸಹಾಯದಿಂದ ಹುಡುಕಬೇಕಿತ್ತು. ಡೌನ್ ಸಿಂಡ್ರೋಮ್ ಇರುವ ಹದಿಹರೆಯದವರಿಗೆ, ಅದೇ ಮಾನಸಿಕ ವಯಸ್ಸಿನ ಬೇರೆ ಮಕ್ಕಳಿಗಿಂತ ಹಿಪ್ಪೋಕ್ಯಾಂಪಸ್ ಮಾಡುವ ಈ ಬಗೆಯ ಕೆಲಸಗಳು ಕಷ್ಟವಾದವು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಸುಮಂತ್ರ ಚಟರ್ಜಿ ಅವರ ಬಳಗ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಪೀಟರ್ ಕೈಂಡ್ ಬಳಗ ಫ್ರಜೈಲ್ ಎಕ್ಸ್ ಬಗ್ಗೆ ಜೊತೆಯಾಗಿ ಕೆಲಸ ಮಾಡಿದವು. 2019ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಲಿಗಳ ಸಹಜ ಕುತೂಹಲವನ್ನು ಬಳಸಿಕೊಂಡಿತ್ತು. ಯಾವ ವಸ್ತು, ಎಲ್ಲಿ, ಯಾವ ಸನ್ನಿವೇಶದಲ್ಲಿ ಇತ್ತು ಎಂಬುದು ನೆನಪಿದ್ದರೆ ಇಲಿ ಬದಲಾದದ್ದನ್ನು ಹೆಚ್ಚು ಮೂಸಿ ನೋಡುತ್ತದೆ. ಫ್ರಜೈಲ್ ಎಕ್ಸ್‌ಗೆ ಕಾರಣವಾದ ಜೀನ್ ಇಲ್ಲದ ಇಲಿಗಳಿಗೆ ಅದು ಕೂಡಿಬರಲಿಲ್ಲ. ಎಳೆಯ ವಯಸ್ಸಿನಲ್ಲಿ ಕೆಲವೇ ವಾರ ಲೋವಾಸ್ಟಾಟಿನ್ ಕೊಟ್ಟಾಗ ಆ ಸಾಮರ್ಥ್ಯ ಬೆಳೆಯಿತು, ಔಷಧಿ ನಿಲ್ಲಿಸಿದ ಮೇಲೂ ಉಳಿಯಿತು. ಇದು ಇಲಿಗಳ ಮಾತು, ಮಕ್ಕಳ ಔಷಧಿಯ ಮಾತಲ್ಲ. ಆದರೆ ಶೋಧಿಸುವ ಶಕ್ತಿ ಜೀನಿನಲ್ಲಿ ಒಮ್ಮೆ ಬರೆದು ಮುಗಿದ ಹಣೆಬರಹವಲ್ಲ, ಬೆಳೆಯುವ ವಯಸ್ಸಿನಲ್ಲಿ ಏನಾಗುತ್ತದೆ ಎಂಬುದಕ್ಕೂ ಬೆಲೆಯಿದೆ ಎಂಬುದನ್ನು ಅದು ಹೇಳುತ್ತದೆ.

ಮೇಜಿನಿಂದ ಬೀದಿಗೆ

ಮೇಜಿನ ಪರೀಕ್ಷೆಯಲ್ಲಿ ಅತ್ಯಂತ ಕಡಿಮೆ ಅಂಕ ಪಡೆದವರು ವಿಲಿಯಮ್ಸ್ ಸಿಂಡ್ರೋಮ್ ಇರುವವರು. ನ್ಯೂಜಿಲೆಂಡಿನ ಹೃದಯತಜ್ಞ ವಿಲಿಯಮ್ಸ್ 1961ರಲ್ಲಿ ಇದನ್ನು ವರ್ಣಿಸಿದ. 7ನೆಯ ವರ್ಣತಂತುವಿನಲ್ಲಿ ಒಂದು ತುಣುಕು ಬಿಟ್ಟುಹೋಗಿರುವುದೇ ಕಾರಣ ಎಂದು 1993ರಲ್ಲಿ ತಿಳಿಯಿತು. ಇವರು ಮಾತಿನಮಲ್ಲರು, ಸಂಗೀತವೆಂದರೆ ಪ್ರಾಣ, ಯಾರೊಂದಿಗಾದರೂ ಬೆರೆಯುತ್ತಾರೆ. ಅಮೆರಿಕದ ಸಾಲ್ಕ್ ಸಂಸ್ಥೆಯ ಉರ್ಸುಲಾ ಬೆಲ್ಲೂಗಿ ದಾಖಲಿಸಿದ ಒಂದು ಉದಾಹರಣೆ ಪ್ರಸಿದ್ಧ: ಆನೆಯ ಬಗ್ಗೆ ಸೊಗಸಾಗಿ ಮಾತಾಡಿದ ಹುಡುಗಿ ಆನೆ ಬಿಡಿಸಿದಾಗ ಅಂಗಗಳೆಲ್ಲ ಚೆಲ್ಲಾಪಿಲ್ಲಿ. ಸಣ್ಣ ಸಣ್ಣ ಅಕ್ಷರಗಳಿಂದ ಮಾಡಿದ ಒಂದು ದೊಡ್ಡ ಅಕ್ಷರ ತೋರಿಸಿ ಬರೆಯಿರಿ ಎಂದರೆ ವಿಲಿಯಮ್ಸ್ ಇರುವವರು ಸಣ್ಣ ಅಕ್ಷರಗಳನ್ನು ಚದುರಿಸಿ ಬರೆದರು. ಡೌನ್ ಇರುವವರು ದೊಡ್ಡ ಅಕ್ಷರವನ್ನಷ್ಟೇ ಬರೆದು ಸಣ್ಣವನ್ನು ಬಿಟ್ಟರು. ಒಬ್ಬರಿಗೆ ಮರ ಕಾಣುತ್ತದೆ, ಇನ್ನೊಬ್ಬರಿಗೆ ತೋಪು ಕಾಣುತ್ತದೆ. ಎರಡನ್ನೂ ಒಂದೇ ಐಕ್ಯು ಸಂಖ್ಯೆಯಲ್ಲಿ ಹಿಡಿದಿಡಲು ಹೊರಟರೆ ಈ ವ್ಯತ್ಯಾಸ ಮಾಯವಾಗುತ್ತದೆ.

ಇಂಥವರು ದಾರಿ ಕಲಿಯುವುದುಂಟೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬ್ರಿಟನ್ನಿನ ಎಮಿಲಿ ಫ್ಯಾರನ್ ಮತ್ತು ಸಂಗಡಿಗರು ಮೇಜು ಬಿಟ್ಟು ಹೊರಗೆ ಹೋದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿಲಿಯಮ್ಸ್ ಇರುವವರನ್ನು 1 ಕಿಲೋಮೀಟರ್ ಉದ್ದದ, 20 ತಿರುವುಗಳ ಅಪರಿಚಿತ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಆಮೇಲೆ ನೀವೇ ನಡೆಯಿರಿ ಎಂದರು. ಶುರುವಿನಲ್ಲಿ ಅವರು ಉಳಿದವರಿಗಿಂತ ಹಿಂದಿದ್ದರು. ಆದರೆ ದಾರಿಯುದ್ದಕ್ಕೂ ಗುರುತುಗಳನ್ನು ಬಾಯಲ್ಲಿ ಹೇಳುತ್ತ ಹೋಗಿ, ಮತ್ತೊಮ್ಮೆ ಅವಕಾಶ ಕೊಟ್ಟಾಗ ಬಹುತೇಕ ಎಲ್ಲ ತಿರುವುಗಳನ್ನೂ ಕಲಿತರು. ಅವರ ಸುಧಾರಣೆ ಬೇರೆಯವರಷ್ಟೇ ಇತ್ತು. ಕಷ್ಟವಾಗಿ ಉಳಿದದ್ದು ಬೇರೆ ವಿಷಯ: ಈ ಗುರುತಿನಿಂದ ಆ ಗುರುತು ಯಾವ ದಿಕ್ಕಿಗಿದೆ ಎಂದು ಹೇಳುವುದು. ಫ್ರಾನ್ಸಿನ ಯಾನಿಕ್ ಕೂರ್ಬುವಾ ಬಳಗ 2013ರಲ್ಲಿ ಡೌನ್ ಸಿಂಡ್ರೋಮ್ ಇರುವ ಯುವಕರ ಬಗ್ಗೆಯೂ ಹೆಚ್ಚುಕಡಿಮೆ ಇದನ್ನೇ ಕಂಡಿತು. ಕಂಪ್ಯೂಟರಿನ ಊರೊಂದರಲ್ಲಿ ಹೆಚ್ಚಿನವರು ದಾರಿ ಕಲಿತರು, ಕಲಿತ ಎರಡು ದಾರಿಗಳ ನಡುವಿನ ಒಳದಾರಿ ಊಹಿಸಿದವರು ಕೆಲವರೇ.

ಈ ವ್ಯತ್ಯಾಸ ಊರು ಬಿಟ್ಟು ಬಂದ ನಮಗೆ ಚೆನ್ನಾಗಿ ಗೊತ್ತು. ಹೊಸ ನಗರವನ್ನು ನಾವೆಲ್ಲ ಮೊದಲು ಒಂದು ದಾರಿಯಾಗಿಯೇ ಕಲಿತೆವು. ಸಂಭಾಜಿನಗರಕ್ಕೆ 52 ದ್ವಾರಗಳ ಊರು ಎಂದು ಹೆಸರು. ಪೈಠಣ್ ಗೇಟ್‌ನಿಂದ ಪೈಠಣದ ದಿಕ್ಕು, ದಿಲ್ಲಿ ಗೇಟ್‌ನಿಂದ ದಿಲ್ಲಿಯ ದಿಕ್ಕು ಎಂದು ಹೆಸರುಗಳೇ ನಕ್ಷೆಯಾಗಿವೆ. ಆದರೆ ಮೊದಲ ತಿಂಗಳಲ್ಲಿ ನನಗೆ ಅವು ದಿಕ್ಕಾಗಿರಲಿಲ್ಲ, 'ಈ ಕಮಾನು ಕಂಡರೆ ಎಡಕ್ಕೆ' ಎಂಬ ಗುರುತುಗಳಾಗಿದ್ದವು. ಒಂದು ಗೇಟಿನಿಂದ ಇನ್ನೊಂದಕ್ಕೆ ಒಳಗಿಂದೊಳಗೆ ಹೋಗಬಹುದು ಎಂದು ಹೊಳೆದದ್ದು ಬಹಳ ದಿನ ಅಲೆದ ಮೇಲೆ. ಅಷ್ಟು ದಿನ ಅಲೆಯಲು ನನ್ನನ್ನು ಬಿಟ್ಟಿದ್ದರು ಎಂಬುದೇ ಇಲ್ಲಿನ ಮುಖ್ಯ ಮಾತು. ನಕ್ಷೆ ಹುಟ್ಟುವುದು ಅಲೆದಾಟದಿಂದ. ಎಂದೂ ಒಬ್ಬನೇ ಅಲೆಯದ ಹುಡುಗನ ತಲೆಯಲ್ಲಿ ನಕ್ಷೆ ಇಲ್ಲದಿದ್ದರೆ ಅದರಲ್ಲಿ ವರ್ಣತಂತುವಿನ ಪಾಲೆಷ್ಟು, ಮುಚ್ಚಿದ ಬಾಗಿಲಿನ ಪಾಲೆಷ್ಟು?

ಹೋಗುವುದಿಲ್ಲ, ಕಳಿಸುವುದಿಲ್ಲ

ಕೆಲವು ವರ್ಷಗಳ ಹಿಂದೆ ವಿಜಯಪುರದ ಕಡೆಯ ಒಂದು ಕುಟುಂಬದ ಜೊತೆ ದುಭಾಷಿಯಾಗಿ ಆಸ್ಪತ್ರೆಗೆ ಹೋಗಿದ್ದೆ. ತಾಯಿಗೆ ಮರಾಠಿ ಅಷ್ಟಾಗಿ ಬಾರದು. ಹುಡುಗನಿಗೆ ಡೌನ್ ಸಿಂಡ್ರೋಮ್, ಹದಿನಾಲ್ಕು ವರ್ಷ. ಒಬ್ಬನೇ ಹೊರಗೆ ಹೋಗುತ್ತಾನಾ ಎಂಬ ಪ್ರಶ್ನೆ ಬಂತು. ಆಕೆ ಹೇಳಿದ್ದು: "ಒಬ್ಬಾಂವನ ಎಲ್ಲಿ ಕಳಸೂದ್ರಿ ಅಣ್ಣಾರ? ನಾವು ಕಳಸೂದ ಇಲ್ಲ." ನಾನು ಅದನ್ನು ಹಾಗೇ ಮರಾಠಿಗೆ ತಂದೆ: ಕಳಿಸುವುದಿಲ್ಲವಂತೆ. ಕಾಗದದ ಮೇಲೆ ಬಿದ್ದದ್ದು ಮಾತ್ರ 'ಹೋಗುವುದಿಲ್ಲ' ಎಂಬುದಕ್ಕೆ ಹಾಕುವ ಗುರುತೇ. ಕಾಯುವ ಸಾಲು ಬಾಗಿಲಿನಾಚೆಯವರೆಗೆ ಇತ್ತು, ಬರೆಯುವವರನ್ನು ದೂರುವಂತಿರಲಿಲ್ಲ.

ಹೋಗುವುದಿಲ್ಲ ಎನ್ನುವುದು ಮಗನ ಬಗೆಗಿನ ಮಾತು. ಕಳಿಸುವುದಿಲ್ಲ ಎನ್ನುವುದು ಮನೆಯ, ಬೀದಿಯ, ಊರಿನ ಬಗೆಗಿನ ಮಾತು. ಡಾಲ್ 1935ರಲ್ಲೇ ಬೇರ್ಪಡಿಸಿದ್ದು ಇವೆರಡನ್ನೇ.

ಕಳಿಸದಿರಲು ಕಾರಣಗಳು ಕಡಿಮೆಯೇನಲ್ಲ. ಸಿಗ್ನಲ್ ಇಲ್ಲದ ಚೌಕ, ಫುಟ್‌ಪಾತ್ ನುಂಗಿದ ಅಂಗಡಿ, ಹಂಗಿಸುವ ಹುಡುಗರು. ಹೆಣ್ಣುಮಗುವಾದರೆ ಭಯ ಹತ್ತು ಪಟ್ಟು. ಹೊಸ ಊರಿಗೆ ಬಂದ ಕುಟುಂಬಕ್ಕೆ ಇನ್ನೂ ಒಂದು ಕಷ್ಟ: ದಾರಿ ತಪ್ಪಿದ ಮಗು ಕನ್ನಡದಲ್ಲಿ ಏನೋ ಹೇಳಿದರೆ ಸಾತಪೂರದಲ್ಲೋ ಅಂಬಡದಲ್ಲೋ ಅರ್ಥವಾಗುವುದು ಯಾರಿಗೆ? ಇನ್ನು ಶಾಲೆಗೆ ಒಬ್ಬನೇ ಹೋಗುತ್ತಾನಾ ಎಂಬ ಪ್ರಶ್ನೆ, ಶಾಲೆ ಮನೆಯ ಹತ್ತಿರವಿದೆ ಎಂದುಕೊಂಡು ಹುಟ್ಟಿದ್ದು. ಮುಂಬಯಿಯಲ್ಲಿ ವಕೀಲ್ ದಂಪತಿ ಡೌನ್ ಸಿಂಡ್ರೋಮ್ ಇದ್ದ ಮಗಳಿಗಾಗಿ 1944ರಲ್ಲಿ ಶಾಲೆ ತೆರೆದರು. ನಾಸಿಕ್‌ನಲ್ಲಿ ರಜನಿತಾಯಿ ಲಿಮಯೆ 1970ರ ದಶಕದಲ್ಲಿ ಪ್ರಬೋಧಿನಿ ವಿದ್ಯಾಮಂದಿರ ಕಟ್ಟಿದರು. ಶಾಲೆಯೇ ಇಲ್ಲದಿದ್ದಾಗ ಅವು ದೊಡ್ಡ ಆಸರೆ. ಆದರೆ ಇಂಥ ಶಾಲೆಗಳು ಊರಿಗೆ ಕೆಲವೇ. ದೂರದ ಬಡಾವಣೆಯ ಮಗು ವ್ಯಾನಿನಲ್ಲೋ ಅಪ್ಪನ ಬೈಕಿನಲ್ಲೋ ಹೋಗಬೇಕು. ಹತ್ತು ವರ್ಷ ಶಾಲೆಗೆ ಹೋದರೂ ಆ ದಾರಿಯನ್ನು ಅದು ಒಮ್ಮೆಯೂ ನಡೆದಿರುವುದಿಲ್ಲ.

ಇನ್ನೊಂದು ತೊಡಕೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಮುಖ್ಯ ಸೌಲಭ್ಯಗಳಿಗೆ ಶೇಕಡಾ 40ರ ಗೆರೆ ದಾಟಬೇಕು. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಆ ಶೇಕಡಾವಾರನ್ನು ಲೆಕ್ಕಹಾಕಲು ಬಳಸಿದ್ದು ಈ ವೈನ್‌ಲ್ಯಾಂಡ್ ಮಾಪನವನ್ನೇ. ಮಗ ಒಬ್ಬನೇ ಅಂಗಡಿಗೆ ಹೋಗುತ್ತಾನೆ ಎಂದರೆ ಅಂಕ ಏರುತ್ತದೆ, ಅಂಗವಿಕಲತೆಯ ಶೇಕಡಾ ಇಳಿಯುತ್ತದೆ. ಕಲಿಸಿದ ತಾಯಿಗೆ ನಷ್ಟ, ಕಲಿಸದ ತಾಯಿಗೆ ಲಾಭ ಎಂಬಂಥ ಲೆಕ್ಕ ಇದು. ತಾಯಂದಿರು ಹಾಗೆ ಲೆಕ್ಕ ಹಾಕುತ್ತಾರೆ ಎಂದಲ್ಲ, ವ್ಯವಸ್ಥೆ ಹಾಗಿದೆ. ಬೇಕಾದ ಸಹಾಯವನ್ನು ನಿರ್ಧರಿಸುವ ಅಂಕವೂ, ಕಲಿಕೆಯ ಪ್ರಗತಿ ತೋರಿಸುವ ಅಂಕವೂ ಒಂದೇ ಆಗಿರುವವರೆಗೆ ಇದು ತಪ್ಪದು. ಅವೆರಡನ್ನು ಬೇರೆ ಮಾಡುವುದು ಆಡಳಿತದವರು ಮಾಡಬೇಕಾದ ಕೆಲಸ.

ಮನೆಯವರು, ನೆರೆಯವರು ಮಾಡಬಹುದಾದದ್ದನ್ನು ಆ 1 ಕಿಲೋಮೀಟರ್ ದಾರಿಯ ಅಧ್ಯಯನವೇ ಹೇಳಿಕೊಟ್ಟಿದೆ. ಒಂದೇ ದಾರಿ ಆರಿಸಿಕೊಳ್ಳಿ. ಪ್ರತಿ ತಿರುವಿಗೂ ಒಂದು ಹೆಸರಿಡಿ: ಹಳದಿ ಗೇಟು, ಗಣಪತಿ ಗುಡಿ, ವಡಾಪಾವ್ ಗಾಡಿ. ನಡೆಯುತ್ತ ಆ ಹೆಸರನ್ನು ಬಾಯಲ್ಲಿ ಹೇಳಿಸಿ. ಮೊದಲು ಜೊತೆಗೆ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಬೀದಿಯ ತುದಿಯಲ್ಲಿ ನಿಂತು. ಅಂಗಡಿಯವನಿಗೆ, ವಾಚ್‌ಮನ್‌ಗೆ ಹೇಳಿಡಿ. ಹೊಸ ದಾರಿ ಆಮೇಲೆ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸೇರಿಸುವ ಜನರಲ್ಲಿ ನಾಲ್ಕೈದು ಮಂದಿ ವಾರಕ್ಕೊಂದು ಸಂಜೆ ಇಂಥ ಮಕ್ಕಳ ಜೊತೆ ನಡೆಯಲು ಸಿಕ್ಕರೂ ಸಾಕು. ಬೇಕಾಗಿರುವುದು ಮನಶ್ಶಾಸ್ತ್ರದ ಪದವಿಯಲ್ಲ, ಸಂಜೆಯ ಒಂದು ಗಂಟೆ.

ಆಸ್ಪತ್ರೆಗೆ ಹೋಗುವ ದಿನ ಬಂದಾಗ, ಓಡಾಟದ ಪ್ರಶ್ನೆಗೆ ಬರೀ 'ಇಲ್ಲ' ಎನ್ನಬೇಡಿ. ಹೋಗುವುದಿಲ್ಲವೋ, ನೀವು ಕಳಿಸಿಲ್ಲವೋ, ಕಳಿಸಿದರೆ ಎಲ್ಲಿಯವರೆಗೆ ಹೋಗುತ್ತಾನೋ, ಬಿಡಿಸಿ ಹೇಳಿ. ಬರೆಯುವವರಿಗೆ ಸಮಯವಿಲ್ಲದಿದ್ದರೂ ಹೇಳಿ.